ಜೋನಸ್ ಟ್ರೆಲೋರನಿಗೆ ನಾವು ಮಾಡಿದ ಸನ್ಮಾನ

ಸೇತುವೆ ಪರೀಕ್ಷಿಸುವವನ ಕೆಲಸವೆಂದರೆ ಮುಕ್ಕಾಲು ಪಾಲು ಕತ್ತೆತ್ತಿ ನಿಲ್ಲುವುದು. ಉಳಿದ ಕಾಲು ಪಾಲು, ಕಂಡದ್ದನ್ನು ಕೇಳಲು ಪುರುಸೊತ್ತಿಲ್ಲದವರಿಗೆ ವಿವರಿಸುವುದು. ಮೊದಲನೆಯದರಿಂದ ನನ್ನ ಕುತ್ತಿಗೆ ಹಾಳಾಯಿತು. ಎರಡನೆಯದರಿಂದ ಏನು ಹಾಳಾಯಿತೆಂದು ಮುಂದೆ ಓದಿದರೆ ಗೊತ್ತಾಗುತ್ತದೆ. ಮೆಲ್ಬರ್ನಿನ ರೈಲ್ವೆ ಕಂಪನಿಗಳಿಗೆ ಈಗ ನಮ್ಮ ಕಡೆಯ ಮಕ್ಕಳು ತುಂಬ ಮಂದಿ ಸೇರುತ್ತಿದ್ದಾರೆ. ಕನ್ನಡ ಸಂಘದ ಊಟದಲ್ಲಿ ತಟ್ಟೆ ಹಿಡಿದು ನಿಂತಿರುವಾಗ, "ಅಂಕಲ್, ನಿಮ್ಮ ಲೈನಲ್ಲಿ ಜಾಬ್ ಹೇಗಿರುತ್ತೆ?" ಎಂದು ಕೇಳುತ್ತಾರೆ. ಚೆನ್ನಾಗಿರುತ್ತದೆ ಎಂದು ಹೇಳಿ ಕಳಿಸುವುದು ಸುಲಭ. ಹಾಗೆ ಹೇಳಿ ಹೇಳಿ ನನಗೇ ಬೇಸರ ಬಂದಿದೆ.

ನಾನು ಮಂಗಳೂರಿನವನು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ಹಳಿಯ ಮೇಲೆ ಎಂಜಿನಿಯರನಾಗಿ ಹರೆಯ ಕಳೆದೆ. ಅಲ್ಲಿ ಮಳೆಗಾಲವೆಂದರೆ ನಮಗೆ ಯುದ್ಧಕಾಲ. ಗುಡ್ಡ ಕಡಿದು ಹಳಿ ಹಾಕಿದ ಮೇಲೆ ಗುಡ್ಡದೊಳಗಿನ ನೀರಿಗೆ ಹೊರಬರಲು ದಾರಿ ಕೊಡಬೇಕು. ಕೊಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ, ಹಳಿಯನ್ನೂ ಜೊತೆಗೆ ಒಯ್ಯುತ್ತದೆ. ನಡುವಯಸ್ಸಿನಲ್ಲಿ, ನರ್ಸ್ ಆಗಿದ್ದ ಹೆಂಡತಿ ಹಿಲ್ಡಾಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದೆ. ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು.

ಸಿಡ್ನಿಯಲ್ಲಿ ನನ್ನ ಮೇಲಧಿಕಾರಿಯ ಹೆಸರು ಬ್ಯಾರಿ. ಕೆಂಪು ಮುಖ, ದೊಡ್ಡ ದನಿ. ವಲೇರಿಯನ್ ಎಂಬ ನನ್ನ ಹೆಸರನ್ನು ಮೊದಲ ದಿನವೇ ಕತ್ತರಿಸಿ "ವ್ಯಾಲ್" ಮಾಡಿದ. ಘಟ್ಟದಲ್ಲಿ ಏನೇನು ಮಾಡಿದ್ದೆನೆಂದು ಹೇಳಲು ಹೊರಟರೆ, "ಅದು ಇಂಡಿಯಾ, ಮೇಟ್" ಎಂದು ನಿಲ್ಲಿಸಿದ. ಕೈಗವಸು, ಒಂದು ಕಬ್ಬಿಣದ ಸಲಾಕೆ ಕೊಟ್ಟು, ನಗರದ ಪಶ್ಚಿಮಕ್ಕೆ ಬೆಟ್ಟದ ಬುಡದಲ್ಲಿದ್ದ ಒಂದು ಹಳೆಯ ಕಲ್ಲುಗೋಡೆಯ ಮುಂದೆ ನಿಲ್ಲಿಸಿದ. ಹಳಿ ಹೊತ್ತ ಮಣ್ಣಿನ ಏರಿಯನ್ನು ತಡೆದು ನಿಲ್ಲಿಸಿದ್ದ ಗೋಡೆ ಅದು. ಅದರ ಮೈತುಂಬ ಸಾಲಾಗಿ ತೂತುಗಳು. ಏರಿಯೊಳಗೆ ಸೇರಿದ ಮಳೆನೀರು ಬಸಿದು ಹೋಗಲಿ ಎಂದು ಬಿಟ್ಟ ಇಂಥ ತೂತುಗಳಿಗೆ ನಮ್ಮ ಕೆಲಸದಲ್ಲಿ ವೀಪ್ ಹೋಲ್ ಎನ್ನುತ್ತೇವೆ. ಅವುಗಳಲ್ಲಿ ಎಲೆ, ಬೇರು, ಹಕ್ಕಿಗೂಡು ತುಂಬಿತ್ತು.

"ಖಾಲಿ ಮಾಡು" ಎಂದ ಬ್ಯಾರಿ.

ಆ ಕೆಲಸ ಯಾವಾಗಲೂ ಹೊಸದಾಗಿ ಬಂದವರಿಗೆ ಬೀಳುತ್ತಿತ್ತು. ಹೊಸದಾಗಿ ಬಂದವರೆಂದರೆ ವಿಯೆಟ್ನಾಮಿನವರು, ಲೆಬನಾನಿನವರು, ಆಮೇಲೆ ನಾವು. ಎಂಜಿನಿಯರ್ ಡಿಗ್ರಿ ಇಟ್ಟುಕೊಂಡು ಜೇಡರಬಲೆ ಕೆರೆಯುತ್ತಾ ನಿಂತಾಗ ನನಗೆ ಅಳು ಬರುವಷ್ಟು ಅವಮಾನವಾಗಿತ್ತು. ಆದರೆ ಕೈ ಒಳಗೆ ಹಾಕಿದಾಗ ಆಶ್ಚರ್ಯ ಕಾದಿತ್ತು. ಪ್ರತಿ ತೂತೂ ಹೊರಗಡೆಗೆ ಇಳಿಜಾರು. ಹಿಂಬದಿಯಲ್ಲಿ ಮಣ್ಣು ಕೈಗೆ ತಾಗಲಿಲ್ಲ. ಗಾರೆಯಿಲ್ಲದೆ ಒತ್ತಾಗಿ ಜೋಡಿಸಿದ ಸಣ್ಣ ಕಲ್ಲು ತಾಗಿತು. ನೀರು ಬರಲಿ, ಮಣ್ಣು ಬರದಿರಲಿ ಎಂದು ಮಾಡಿದ ಸೋಸುವ ಪದರ. ಯಾರಿಗೂ ಕಾಣದ ಜಾಗದಲ್ಲಿ ಯಾರೋ ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದ್ದರು.

"ಇದನ್ನು ಕಟ್ಟಿಸಿದ್ದು ಯಾರು?" ಎಂದು ಕೇಳಿದೆ.

"ಹೆಸರು ಬೇಕಾದರೆ ಅಲ್ಲಿದೆ" ಎಂದು ಬ್ಯಾರಿ ಗೋಡೆಯ ಕೊನೆಯಲ್ಲಿದ್ದ ಕಬ್ಬಿಣದ ಫಲಕ ತೋರಿಸಿದ. ಅಲ್ಲಿ ಆ ಕಾಲದ ಚೀಫ್ ಎಂಜಿನಿಯರನ ಹೆಸರಿತ್ತು. "ನಿಜವಾಗಿ ಮಾಡಿಸಿದವನು ಯಾರೋ ಕಾರ್ನ್‌ವಾಲಿನವನಂತೆ. ಅವನ ಕಡೆಯ ಒಬ್ಬ ಮುದುಕಿ ಆಗಾಗ ಬರುತ್ತಾಳೆ."

ಆ ಮುದುಕಿ ಎಡ್ನಾ. ಗೋಡೆ ಮಾಡಿಸಿದ ಆ ಜೋನಸ್ ಟ್ರೆಲೋರನ ಮೊಮ್ಮಗನ ಮಗಳು. ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ವಸಂತದ ಒಂದು ಮಧ್ಯಾಹ್ನ ಗೋಡೆಯ ಎದುರು ಮಡಚುವ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದಳು. ಸಲಾಕೆ ಹಿಡಿದ ನನ್ನನ್ನು ನೋಡಿ, "ಪರವಾಗಿಲ್ಲ, ತೂತು ತೆಗೆಯುವವರು ಇನ್ನೂ ಇದ್ದೀರಿ" ಎಂದಳು. ನನಗೂ ಫ್ಲಾಸ್ಕಿನಿಂದ ಚಹಾ ಕೊಟ್ಟಳು. ಟ್ರೆಲೋರನ ಕಥೆ ನಾನು ಕೇಳಿದ್ದು ಅವಳ ಬಾಯಿಂದಲೇ.

ಅವನ ತಂದೆ ಕಾರ್ನ್‌ವಾಲಿನ ತವರದ ಗಣಿಯಲ್ಲಿ ದುಡಿಯುತ್ತಿದ್ದವನು. ಗಣಿಗೆ ನೀರು ನುಗ್ಗಿ ಸತ್ತ. ನೀರಿನ ಭಯ ಟ್ರೆಲೋರನ ಹೊಟ್ಟೆಯಲ್ಲಿ ಹಾಗೆ ಸೇರಿಕೊಂಡಿತು. ಓದಿ ಎಂಜಿನಿಯರನಾಗಿ ಹಡಗು ಹತ್ತಿ ಸಿಡ್ನಿಗೆ ಬಂದು ರೈಲ್ವೆ ಸೇರಿದ. ಈ ಗೋಡೆಯ ಕೆಲಸ ನಡೆಯುವಾಗ, ಗವರ್ನರ್ ಬರುವುದರೊಳಗೆ ಹಳಿ ಮುಗಿಯಬೇಕು ಎಂದು ಚೀಫ್ ಎಂಜಿನಿಯರ್ ಅವಸರ ಮಾಡಿದ. ಹಿಂಬದಿಯ ಕಲ್ಲು ಜೋಡಿಸುವುದನ್ನು ಬಿಟ್ಟು ಮಣ್ಣು ಸುರಿಯಿರಿ ಎಂದ. ಟ್ರೆಲೋರ್ ಒಪ್ಪಲಿಲ್ಲ. ಹಳಿ ಮುಗಿಯದೆ ಗವರ್ನರನ ವಿಶೇಷ ರೈಲು ಗೋಡೆಗಿಂತ ಮೊದಲೇ ನಿಂತಿತು. ದೊಡ್ಡವರೆಲ್ಲ ಕೆಸರಿನಲ್ಲಿ ನಡೆದು ಬರಬೇಕಾಯಿತು. ಮರುವಾರ ಟ್ರೆಲೋರನನ್ನು ಕೆಲಸದಿಂದ ತೆಗೆದರು. ಅವನು ಮೆಲ್ಬರ್ನಿಗೆ ಹೋಗಿ ಕೆಳಗಿನ ಹುದ್ದೆಯೊಂದನ್ನು ಹಿಡಿದ. ನಗರದ ಪಶ್ಚಿಮದಲ್ಲಿ ಒಂದು ತೊರೆಯ ಮೇಲೆ ಕಲ್ಲಿನ ಕಮಾನು ಸೇತುವೆ ಕಟ್ಟಿಸಿದ. ಅದು ಮುಗಿಯುವ ಹೊತ್ತಿಗೆ ಡೇರೆಯಲ್ಲಿ ಜ್ವರ ಬಂದು ಸತ್ತ. ಉದ್ಘಾಟನೆಯ ದಿನ ಅವನ ಹೆಸರನ್ನು ಯಾರೂ ಎತ್ತಲಿಲ್ಲ.

"ಮೆಲ್ಬರ್ನಿನ ಸ್ಮಶಾನದಲ್ಲಿ ಜಾಗ ಮಾತ್ರ ಗೊತ್ತು, ಮೇಲೆ ಕಲ್ಲಿಲ್ಲ" ಎಂದಳು ಎಡ್ನಾ. "ಜೀವಮಾನವೆಲ್ಲ ಕಲ್ಲು ಇಡಿಸಿದವನಿಗೆ ಒಂದು ಕಲ್ಲು. ನನಗೆ ಅಷ್ಟೇ ಆಸೆ."

ಕೆಲವು ವರ್ಷಗಳಲ್ಲಿ ಸಿಡ್ನಿ ನನಗೆ ಸಾಕಾಯಿತು. ನನ್ನ ಕೈಕೆಳಗೆ ಕಲಿತವರು ನನಗೇ ಮೇಲಧಿಕಾರಿಗಳಾದರು. ಆ ಮಾತು ಇಲ್ಲಿ ಬೇಡ. ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ವಿಂಡಮ್ ವೇಲ್‌ನಲ್ಲಿ, ಆಗ ಇನ್ನೂ ಹುಲ್ಲುಗಾವಲಿನ ನಡುವೆ ಏಳುತ್ತಿದ್ದ ಹೊಸ ಮನೆಗಳಲ್ಲಿ ಒಂದನ್ನು ಮಾರ್ಟ್‌ಗೇಜ್ ಮೇಲೆ ಹಿಡಿದೆವು. ನನ್ನ ಪಾಲಿಗೆ ಬಂದ ಸೇತುವೆಗಳಲ್ಲಿ ಟ್ರೆಲೋರನ ಕಮಾನು ಸೇತುವೆಯೂ ಇತ್ತು. ಸೇತುವೆಯ ಎರಡೂ ತುದಿಯಲ್ಲಿ ಏರಿಯನ್ನು ತಡೆಯುವ ಅದೇ ತರಹದ ಗೋಡೆಗಳು. ತೂತಿಗೆ ಕೈ ಹಾಕಿದೆ. ಹೊರಗಡೆಗೆ ಇಳಿಜಾರು, ಹಿಂದೆ ಜೋಡಿಸಿದ ಕಲ್ಲು. ಕೆಲಸ ಕಳೆದುಕೊಂಡ ಮೇಲೂ ಮನುಷ್ಯ ತನ್ನ ಹಟ ಬಿಟ್ಟಿರಲಿಲ್ಲ.

ಆದರೆ ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಮೊದಲು ಸುತ್ತಿಗೆಯಿಂದ ಕಲ್ಲು ತಟ್ಟಿ ಸದ್ದು ಕೇಳುತ್ತಿದ್ದೆವು. ಈಗ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದರೆ ಅದು ಸೇತುವೆಗೆ ಅಂಕ ಕೊಡುತ್ತಿತ್ತು. ತೂತು ತೆಗೆಯುವ ತಂಡವನ್ನು ಬರಖಾಸ್ತು ಮಾಡಿ, ಬೇಕಾದಾಗ ಮಾತ್ರ ಕಂಟ್ರಾಕ್ಟರನ್ನು ಕರೆಯುವ ಪದ್ಧತಿ ಬಂತು. ಬೇಕಾಗಲೇ ಇಲ್ಲ. ಯಾಕೆಂದರೆ ಆ ವರ್ಷಗಳಲ್ಲಿ ಮೆಲ್ಬರ್ನಿನಲ್ಲಿ ಮಳೆಯೇ ಸರಿಯಾಗಿ ಬರಲಿಲ್ಲ. ತೋಟಕ್ಕೆ ಪೈಪಿನಲ್ಲಿ ನೀರು ಬಿಡುವುದಕ್ಕೂ ನಿರ್ಬಂಧವಿತ್ತು. ಟ್ರೆಲೋರನ ತೂತುಗಳು ವರ್ಷಗಟ್ಟಲೆ ಒಣಗಿಯೇ ಇದ್ದವು.

ನನ್ನ ಮ್ಯಾನೇಜರ್ ಗ್ರೆಗ್ ಸಿಡ್ನಿಯ ಬ್ಯಾರಿಯಂಥವನಲ್ಲ. ಮೆಲುದನಿ, ಒಳ್ಳೆಯ ಶರ್ಟು, ಎಲ್ಲರ ಹೆಸರನ್ನೂ ಪೂರ್ತಿ ಹೇಳುತ್ತಿದ್ದ. ಡಾಕ್‌ಲ್ಯಾಂಡ್ಸಿನ ಗಾಜಿನ ಕಟ್ಟಡದಲ್ಲಿ ನಮ್ಮ ಆಫೀಸು. ಒಂದು ದಿನ ಅವನಿಗೆ ಟ್ರೆಲೋರನ ಕಥೆ ಹೇಳಿ, ಸಮಾಧಿಗೆ ಒಂದು ಕಲ್ಲು ಹಾಕಿಸೋಣವೇ ಎಂದು ಕೇಳಿದೆ. ಗ್ರೆಗ್‌ನ ಕಣ್ಣು ಅರಳಿತು.

"ವಲೇರಿಯನ್, ಅದ್ಭುತ ಕಥೆ. ಇದನ್ನು ಸುಮ್ಮನೆ ಬಿಡಬಾರದು. ಮಿನಿಸ್ಟರನ್ನು ಕರೆಯೋಣ, ಸೇತುವೆಯ ಹತ್ತಿರವೇ ಸಮಾರಂಭ ಮಾಡೋಣ, ಫಲಕ ಹಾಕೋಣ."

"ಸಮಾಧಿ?"

"ಸಮಾಧಿ ನಮ್ಮ ಆಸ್ತಿಯಲ್ಲವಲ್ಲ" ಎಂದ, ನಿಜಕ್ಕೂ ವಿಷಾದದಿಂದ.

ಸಮಾರಂಭದ ತಯಾರಿಯನ್ನು ಸಹನಾ ಎಂಬ ಹುಡುಗಿಗೆ ವಹಿಸಿದರು. ದಾವಣಗೆರೆಯವಳು. ಕ್ಲೇಟನ್‌ನಲ್ಲಿ ಓದು ಮುಗಿಸಿ, ಅಲ್ಲಿಯೇ ಇತರ ಹುಡುಗಿಯರೊಂದಿಗೆ ಮನೆ ಹಂಚಿಕೊಂಡಿದ್ದಳು. ನಮ್ಮಲ್ಲಿ ಸೈಟ್ ಎಂಜಿನಿಯರ್. ಕಂಪನಿಯೇ ಅವಳ ವೀಸಾ ಸ್ಪಾನ್ಸರ್ ಮಾಡಿತ್ತು. ಪಿಆರ್, ಅಂದರೆ ಇಲ್ಲಿ ಕಾಯಂ ಉಳಿಯುವ ಅನುಮತಿ, ಇನ್ನೂ ಬಂದಿರಲಿಲ್ಲ. ಒಂದು ಬೆಳಿಗ್ಗೆ ಮುಖ ಚಿಕ್ಕದು ಮಾಡಿಕೊಂಡು ನನ್ನ ಮೇಜಿನ ಹತ್ತಿರ ಬಂದಳು.

"ಅಂಕಲ್, ಗೋಡೆ ಕ್ಲೀನ್ ಮಾಡಿಸ್ಬೇಕಂತೆ. ತೂತಿನ ಕೆಳಗೆಲ್ಲ ಬಿಳಿ ಬಿಳಿ ಕಲೆ ಇದೆಯಲ್ಲ, ಫೋಟೋದಲ್ಲಿ ಚೆನ್ನಾಗ್ ಕಾಣಲ್ಲಂತೆ. ತೂತನ್ನೂ ಅದೇ ಬಣ್ಣದ ಗಾರೆ ಹಾಕಿ ಕ್ಲೋಸ್ ಮಾಡಿ ಅಂತಿದಾರೆ. ಪಾರಿವಾಳ ಬೇರೆ ಕೂತ್ಕೊಳ್ಳುತ್ತೆ ಅಂತ."

"ಮುಚ್ಚಬಾರದು ಮಾರಾಯ್ತಿ! ನೀರು ಎಲ್ಲಿಗೆ ಹೋಗುವುದು?"

"ನಾನೂ ಅದೇ ಕೇಳ್ದೆ. ಯಾವ ನೀರು ಅಂದ್ರು."

ಗ್ರೆಗ್ ಕರೆದ ಸಭೆಗೆ ನಾವಿಬ್ಬರೂ ಹೋದೆವು. ಹಳೆಯ ಕಟ್ಟಡಗಳ ಅಂದ ಕಾಪಾಡುವ ಸಲಹೆಗಾರನೊಬ್ಬ ಬಂದಿದ್ದ. ಗಾರೆ ಹಳೆಯ ಕಾಲದ ಸುಣ್ಣದ್ದೇ, ಕಲ್ಲಿಗೆ ಏನೂ ಆಗದು, ಅನುಮತಿಯೂ ಸಿಕ್ಕಿದೆ ಎಂದ. ಗೋಡೆಯ ಮೈಗೆ ಏನಾಗುತ್ತದೆಂದು ಅವನು ಹೇಳಿದ. ಗೋಡೆಯ ಬೆನ್ನಿಗೆ ಏನಾಗುತ್ತದೆಂದು ನಾನು ಹೇಳಿದೆ. ಮಳೆ ಬಂದರೆ ಏರಿಯ ಜೇಡಿಮಣ್ಣು ನೀರು ಕುಡಿದು ಉಬ್ಬುತ್ತದೆ, ಗೋಡೆಯನ್ನು ಹೊರಗೆ ತಳ್ಳುತ್ತದೆ, ಮೇಲಿನ ಹಳಿ ಕುಸಿಯುತ್ತದೆ. ಸಹನಾ ಕೂಡ, "ಸಮಾರಂಭ ಆದ ಮೇಲಾದರೂ ತೆರೆಯಬಹುದಾ?" ಎಂದು ಕೇಳಿದಳು.

ಗ್ರೆಗ್ ತಾಳ್ಮೆಯಿಂದ ಕೇಳಿದ. "ಈ ಮಾತನ್ನು ಗಮನಿಸಿದ್ದೇವೆ" ಎಂದ. ಇಲ್ಲಿ ಹಾಗೆಂದರೆ ಮಾತು ಮುಗಿಯಿತು ಎಂದು ಅರ್ಥ.

ತೂತುಗಳನ್ನು ಮುಚ್ಚಿದರು. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಎಲ್ಲಿ ತೂತಿತ್ತೆಂದು ನಾನೇ ಹುಡುಕಬೇಕಾಯಿತು. ಸಮಾರಂಭದ ದಿನ ಬಿಸಿಲು ಚೆನ್ನಾಗಿತ್ತು. ಗೋಡೆಗೆ ಕಂಚಿನ ಫಲಕ ಹಾಕಿದ್ದರು. ಮೇಲೆ ಮಿನಿಸ್ಟರನ ಹೆಸರು, ಅದರಡಿ ಕಂಪನಿಯ ಹೆಸರು, ಅದರಡಿ ಟ್ರೆಲೋರನದು. ಮಿನಿಸ್ಟರ್ ಅವನನ್ನು ದೂರದೃಷ್ಟಿಯುಳ್ಳವನೆಂದು ಹೊಗಳಿದ. ಎಡ್ನಾಳನ್ನು ಸಿಡ್ನಿಯಿಂದ ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವಳು ಕೋಲೂರಿಕೊಂಡು ಗೋಡೆಯ ಹತ್ತಿರ ಹೋಗಿ ಕಲ್ಲಿನ ಮೇಲೆ ಕೈಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ವ್ಯಾಲ್, ತೂತುಗಳೆಲ್ಲಿ?"

ಹೇಳಿದೆ. ಫೋಟೋಗೆ ನಿಲ್ಲಲು ಕರೆದಾಗ ತಲೆಸುತ್ತು ಎಂದು ಹೇಳಿ ಕಾರಿಗೆ ಹೋದಳು. ಮರುದಿನ ನಾನೂ ಅವಳೂ ಸ್ಮಶಾನಕ್ಕೆ ಹೋಗಿ, ಕಲ್ಲಿಲ್ಲದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆವು. ಅದೇ ಕೊನೆ. ಆರು ತಿಂಗಳು ಕಳೆಯುವಷ್ಟರಲ್ಲಿ ಎಡ್ನಾ ತೀರಿಕೊಂಡ ಸುದ್ದಿ ಬಂತು.

ಮುಂದಿನ ವರ್ಷ ಬರಗಾಲ ಮುರಿಯಿತು. ಇಷ್ಟು ವರ್ಷಗಳ ಬಾಕಿ ತೀರಿಸುವಂತೆ ಮಳೆ ಹಿಡಿಯಿತು. ಜನ ಬೀದಿಗೆ ಬಂದು ಖುಷಿಪಟ್ಟರು. ನಾನು ಮಾತ್ರ ಬಿಡುವಾದಾಗಲೆಲ್ಲ ಟ್ರೆಲೋರನ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಮೊದಲು ಕಲ್ಲಿನ ಸಂದುಗಳು ಬೆವರಿದಂತೆ ಒದ್ದೆಯಾದವು. ಆಮೇಲೆ ಗೋಡೆಯ ನಡುವಿನಲ್ಲಿ, ಗರ್ಭಿಣಿಯ ಹೊಟ್ಟೆಯ ಹಾಗೆ, ಉಬ್ಬು ಕಾಣಿಸಿತು. ರೈಲುಗಳು ನಿಧಾನ ಹೋಗುವಂತೆ ಮಾಡಿಸಿ ಗ್ರೆಗ್‌ಗೆ ತಿಳಿಸಿದೆ. ಗಮನಿಸುತ್ತಿರಿ ಎಂದ.

ಒಂದು ಶುಕ್ರವಾರ ಮಧ್ಯಾಹ್ನ ಸಹನಾಳ ಫೋನು ಬಂತು. ಅವಳು ಬೇರೆ ಕೆಲಸಕ್ಕಾಗಿ ಕಂಟ್ರಾಕ್ಟರನ ತಂಡದೊಂದಿಗೆ ಅಲ್ಲಿಯೇ ಇದ್ದಳು.

"ಅಂಕಲ್, ಬೇಗ ಬನ್ನಿ. ಬೆಳಿಗ್ಗೆ ಇಷ್ಟಿರ್ಲಿಲ್ಲ. ಬಿರುಕಲ್ಲಿ ಬೆರಳು ಹೋಗ್ತಿದೆ."

ನಾನು ಹೋಗಿ ನೋಡುವಾಗ ಮೇಲೆ ಹಳಿಯ ಕೆಳಗಿನ ಜಲ್ಲಿ ಜಾರಲು ಶುರುವಾಗಿತ್ತು. ನಿಯಂತ್ರಣ ಕೊಠಡಿಗೆ ಫೋನು ಮಾಡಿ ರೈಲು ನಿಲ್ಲಿಸಿದೆ. ಶುಕ್ರವಾರ ಸಂಜೆ, ಜನ ಮನೆಗೆ ಹೋಗುವ ಹೊತ್ತು. ಕೂಡಲೇ ಗ್ರೆಗ್ ಫೋನು ಮಾಡಿದ.

"ಗೋಡೆ ಕೊರೆದು ನೀರು ಬಿಡದಿದ್ದರೆ ಬೀಳುತ್ತದೆ" ಎಂದೆ.

"ಅದು ಸಂರಕ್ಷಿತ ಗೋಡೆ, ವಲೇರಿಯನ್. ಅನುಮತಿಯಿಲ್ಲದೆ ಒಂದು ಮೊಳೆ ಹೊಡೆಯುವಂತಿಲ್ಲ. ಸೋಮವಾರ ಮೊದಲ ಕೆಲಸ ಅದೇ ಮಾಡುತ್ತೇನೆ."

"ಸೋಮವಾರ ಇಲ್ಲಿ ಗೋಡೆಯೇ ಇರುವುದಿಲ್ಲ."

"ಮುಟ್ಟಬೇಡಿ. ಇದು ನನ್ನ ಸೂಚನೆ" ಎಂದು ಫೋನು ಇಟ್ಟ.

ಗೋಡೆಯ ಕೆಳಗೆ ಸೈಕಲ್ ದಾರಿ, ಅದರಾಚೆ ಮನೆಗಳು. ಕಂಟ್ರಾಕ್ಟರನ ತಂಡದಲ್ಲಿ ಡ್ರಿಲ್ ಇತ್ತು, ಜನ ಇದ್ದರು. ಆದರೆ ಸೈಟ್ ಎಂಜಿನಿಯರ್ ಹೇಳದೆ ಅವರು ಯಂತ್ರ ಮುಟ್ಟುವಂತಿಲ್ಲ, ಅದು ನಿಯಮ. ಸೈಟ್ ಎಂಜಿನಿಯರ್ ಸಹನಾ.

"ನೀನು ಹೋಗು" ಎಂದೆ. "ನಾನೇ ಸಲಾಕೆಯಲ್ಲಿ ಎಷ್ಟಾಗುತ್ತದೋ ಅಷ್ಟು ಕುಟ್ಟುತ್ತೇನೆ. ನನ್ನದು ಮುಗಿಯುತ್ತಾ ಬಂದ ಕೆಲಸ. ನಿನ್ನ ಪಿಆರ್ ಇವರ ಕೈಯಲ್ಲಿ ಉಂಟು."

"ಒಬ್ರೇ ಸಲಾಕೆಯಲ್ಲಿ ಎಷ್ಟ್ ತೂತು ತೆಗೀತೀರ ಅಂಕಲ್? ಗೋಡೆ ನಿಮ್ ಮೇಲೇ ಬೀಳುತ್ತೆ." ಒಮ್ಮೆ ಮನೆಗಳ ಕಡೆ ನೋಡಿದಳು. ಆಮೇಲೆ ತಂಡದವರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಾನು ಹೇಳ್ತಿದ್ದೀನಿ. ಕೊರೆಯಿರಿ."

ಉಬ್ಬಿನ ಎದುರು ಯಾರನ್ನೂ ನಿಲ್ಲಿಸದೆ, ಬದಿಯಿಂದ, ಕ್ರೇನಿನ ಬುಟ್ಟಿಯಲ್ಲಿ ನಿಂತು ಕೊರೆದರು. ಟ್ರೆಲೋರನ ತೂತುಗಳು ಎಲ್ಲಿದ್ದವೆಂದು ಕೈ ನೆನಪಿನಿಂದ ನಾನು ತೋರಿಸುತ್ತಾ ಹೋದೆ. ಮೊದಲ ತೂತಿನ ಗಾರೆ ಒಡೆಯುತ್ತಲೇ ಕೆಂಪು ನೀರು ಆಳುದ್ದ ಹಾರಿತು. ಎರಡನೆಯದು, ಮೂರನೆಯದು. ಕತ್ತಲಾಗುವ ಮೊದಲು ಇಡೀ ಸಾಲು ಸುರಿಯತೊಡಗಿತು. ಉಬ್ಬು ಅಲ್ಲಿಗೆ ನಿಂತಿತು. ಗೋಡೆ ಉಳಿಯಿತು. ತಂಡದವರು ಕೂಗಿ ಕುಣಿದರು. ಸಹನಾ ಕೆಸರಿನಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತಳು.

ಈಗ ನಿಮಗೆ ಶಹಬ್ಬಾಸ್‌ಗಿರಿಯ ನಿರೀಕ್ಷೆಯಿರಬಹುದು. ನನಗೂ ಒಳಗೊಳಗೆ ಇತ್ತು ಅನ್ನಿಸುತ್ತದೆ.

ವಿಚಾರಣೆ ನಡೆಯಿತು. ತೂತು ಮುಚ್ಚಿದ್ದರಲ್ಲಿ ತಪ್ಪಿಲ್ಲವೆಂದು ತೀರ್ಮಾನವಾಯಿತು, ಅದಕ್ಕೆ ಅನುಮತಿಯಿತ್ತು. ಮಳೆ ಅಸಾಧಾರಣವಾಗಿತ್ತು, ಅದರಲ್ಲೂ ಯಾರ ತಪ್ಪಿಲ್ಲ. ಅನುಮತಿಯಿಲ್ಲದೆ ಸಂರಕ್ಷಿತ ಗೋಡೆಯನ್ನು ಕೊರೆದದ್ದು ಮಾತ್ರ ತಪ್ಪು. ಸಭೆಯಲ್ಲಿ ನಾವು ಎಚ್ಚರಿಸಿದ್ದೆವಲ್ಲ ಎಂದು ಕೇಳಿದೆ. ಹೌದು, ಗಮನಿಸಲಾಗಿತ್ತು ಎಂದರು. ಆದೇಶ ನನ್ನದು, ಹುಡುಗಿಯನ್ನು ಬಿಡಿ ಎಂದೆ. ಆದೇಶ ಕೊಟ್ಟವಳು ಅವಳೇ ಎಂದು ತಂಡದವರೆಲ್ಲ ಕೇಳಿದ್ದರು; ಅವಳೂ ಇಲ್ಲವೆನ್ನಲಿಲ್ಲ. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನಿವೃತ್ತಿ ಹತ್ತಿರವಿತ್ತಲ್ಲ. ಸಹನಾಳನ್ನು ಕೆಲಸದಿಂದ ತೆಗೆದರು. ಅದರೊಂದಿಗೆ ಸ್ಪಾನ್ಸರ್‌ಶಿಪ್ಪೂ ಹೋಯಿತು.

ಗೋಡೆಯ ರಿಪೇರಿಯಲ್ಲಿ, ನಾವು ಕೊರೆದ ತೂತುಗಳಿಗೇ ಪ್ಲಾಸ್ಟಿಕ್ ಪೈಪು ತೂರಿಸಿದರು. ಆ ಕೆಲಸಕ್ಕೆ ಗ್ರೆಗ್‌ನ ವಿಭಾಗಕ್ಕೆ ಹೊಸ ಚಿಂತನೆಯ ಬಹುಮಾನ ಬಂತು.

ನನ್ನ ಬೀಳ್ಕೊಡುಗೆಯ ದಿನ ಗ್ರೆಗ್ ಮನಸ್ಸಿಟ್ಟು ಮಾತಾಡಿದ. "ವಲೇರಿಯನ್ ನಮ್ಮ ಕಾಲದ ಜೋನಸ್ ಟ್ರೆಲೋರ್" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಕಣ್ಣಿನಲ್ಲಿ ಕಪಟ ಇರಲಿಲ್ಲ. ಅದನ್ನೇ ನಾನು ಇವತ್ತಿಗೂ ಕ್ಷಮಿಸಲಾರೆ. ಕೇಕು ಕತ್ತರಿಸುವ ಮೊದಲೇ ಕೋಟು ಹಾಕಿಕೊಂಡು ಕೆಳಗಿಳಿದೆ.

ಸಹನಾ ಬರುತ್ತೇನೆಂದು ಮೆಸೇಜ್ ಮಾಡಿದ್ದಳು. ಬಂದಿದ್ದಳು ಕೂಡ. ಆದರೆ ಅವಳ ಕಾರ್ಡಿಗೆ ಬಾಗಿಲು ತೆರೆಯುತ್ತಿರಲಿಲ್ಲ. ರಿಸೆಪ್ಷನಿನ ಹುಡುಗ ಮೇಲಿನವರನ್ನು ಕೇಳಬೇಕು ಎಂದಿದ್ದನಂತೆ. ಕೇಳುವುದು ಬೇಡ ಎಂದು ಅವಳೇ ಹೊರಗೆ ನಿಂತಿದ್ದಳು. ಗಾಜಿನ ಆಚೆ, ಕೈಯಲ್ಲಿ ಒಂದು ಸಣ್ಣ ಹೂಗುಚ್ಛ ಹಿಡಿದು, ಸಮುದ್ರದ ಗಾಳಿಗೆ ಮುದುಡಿಕೊಂಡು.

ಇಬ್ಬರೂ ನೀರಿನ ಬದಿಯ ಬೆಂಚಿನ ಮೇಲೆ ಕೂತೆವು. ಅಡಿಲೇಡಿನಲ್ಲಿ ಒಂದು ಇಂಟರ್‌ವ್ಯೂ ಇದೆ, ಅವರು ಸ್ಪಾನ್ಸರ್ ಮಾಡಿದರೆ ಉಳಿಯುತ್ತೇನೆ, ಇಲ್ಲದಿದ್ದರೆ ವಾಪಸು ಎಂದಳು. ಹಳೆಯ ಕೆಲಸ ಯಾಕೆ ಬಿಟ್ಟೆ ಎಂದು ಅಲ್ಲಿ ಕೇಳಿದರೆ ಏನು ಹೇಳಲಿ ಎಂದು ಕೇಳಿದಳು. ಟ್ರಾಮೊಂದು ಬಂದು ಆಫೀಸಿನ ಜನರನ್ನು ತುಂಬಿಕೊಂಡು ಹೋಯಿತು.

"ಅಂಕಲ್, ಒಂದ್ ಮಾತು. ನಿಜ ಹೇಳಿ. ನಾನ್ ಮಾಡಿದ್ದು ಸರೀನಾ?"

"ಸರಿ" ಎಂದೆ. "ಸರಿಯಾಗಿದ್ದಕ್ಕೇ ನಿನ್ನನ್ನು ಹೊರಗೆ ಹಾಕಿದ್ದು."

ಅವಳು ಎದ್ದು ನಿಂತಳು. ಆಮೇಲೆ ಹೂಗುಚ್ಛವನ್ನು ನನ್ನ ಕೈಗಿಟ್ಟು, ಹ್ಯಾಪಿ ರಿಟೈರ್ಮೆಂಟ್ ಅಂಕಲ್ ಎಂದು ಹೇಳಿ, ಕ್ಲೇಟನ್ನಿನ ಟ್ರೇನು ಹಿಡಿಯಲು ಸ್ಟೇಷನ್ನಿನ ಕಡೆ ನಡೆದಳು.